ಎಳೆ ಎಣಿಸುವ ಗಾಜು

ನಾನು ಈ ಭಾಷೆ ಕಲಿತದ್ದು ಡಬ್ಬಿಗಳಿಂದ.
ವೂಚ್ ಊರಿನ ಅಂಗಡಿ, ರಾತ್ರಿ ಪಾಳಿ, ಏಳನೇ ಸಾಲು:
ಬಿಸ್ಕತ್ತು, ಜಾಮು, ಬೆಳಗಿನ ತಿಂಡಿಯ ಪೊಟ್ಟಣ.
ಜೋಡಿಸುತ್ತ ಜೋಡಿಸುತ್ತ ತುಟಿಯಲ್ಲೇ ಓದಿಕೊಂಡೆ
ಮನೆಯ ರುಚಿಯ, ಹಳ್ಳಿಯ, ಹಗುರವಾದ, ಅಜ್ಜಿಯ ಕೈಯ.
ಪೊಲ್ತಾವಾ ಬಿಟ್ಟು ಬಂದ ಆರೇ ತಿಂಗಳಿಗೆ
ಗುಣವಾಚಕಗಳಲ್ಲಿ ನಾನು ಸಾಹುಕಾರ.
ಕ್ರಿಯಾಪದಕ್ಕೆ ಮಾತ್ರ ಸಾಲ ಕೇಳಬೇಕು.

ಅಕ್ಕಪಕ್ಕದ ಭಾಷೆಗಳು ಬೇರೆ, ಮುಖ ನೋಡಿ ಮೋಸಹೋಗುವಂಥವು.
ದಿವಾನ ಎಂದರೆ ನಮ್ಮಲ್ಲಿ ಸೋಫಾ,
ಇವರಲ್ಲಿ ಕಾಲಡಿಯ ಜಮಖಾನ.
ದಿವಾನದ ಮೇಲೆ ಮಲಗಲೇ ಎಂದು ಮೊದಲ ರಾತ್ರಿ ಕೇಳಿದ್ದಕ್ಕೆ
ಮನೆಯೊಡತಿ ಅಯ್ಯೋ ಪಾಪ ಎಂದು
ನೆಲಕ್ಕೊಂದು ದಿಂಬು ಹಾಕಿಕೊಟ್ಟಳು.

ಬೆಳಗ್ಗೆ ಆರಕ್ಕೆ ಬಾಗಿಲು ತೆರೆದರೆ
ಮೊದಲು ಬರುವವರು ಪಾನಿ ಗೆನೊವೆಫಾ.
ಮೂವತ್ತೊಂದು ವರ್ಷ ಹತ್ತಿ ಗಿರಣಿಯಲ್ಲಿ ಬಟ್ಟೆ ತಪಾಸಣೆ.
ಕೋಟಿನ ಜೇಬಿನಲ್ಲಿ ಮಡಚುವ ಹಿತ್ತಾಳೆಯ ಗಾಜು,
ಬೆರಳಗಲದ ಬಟ್ಟೆಯಲ್ಲಿ ಎಷ್ಟು ಹಾಸು ಎಷ್ಟು ಹೊಕ್ಕು
ಎಣಿಸುತ್ತಿದ್ದದ್ದು.
ಗಿರಣಿಯಲ್ಲೀಗ ಸಿನಿಮಾ ಓಡುತ್ತದೆ.
ಗಾಜು ಪೊಟ್ಟಣಗಳ ಬೆನ್ನಿನ ಮೇಲೆ ಓಡುತ್ತದೆ.

"ಬಾ ಓಸ್ತಾಪ್, ಓದು."
ಮುಂದೆ ರಾಸ್ಪ್‌ಬೆರಿ, ಮುಷ್ಟಿ ಗಾತ್ರದ್ದು, ಇಬ್ಬನಿ ಸಮೇತ.
ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ,
ರಾಸ್ಪ್‌ಬೆರಿ ನೂರಕ್ಕೆ ಒಂದೂವರೆ. ಬಣ್ಣ ಕಪ್ಪು ಕ್ಯಾರೆಟ್ಟಿನದು.
"ಇಬ್ಬನಿ ಎಷ್ಟು ಪಾಲು, ಅದನ್ನು ಬರೆದೇ ಇಲ್ಲವಲ್ಲ!"

ಬಿಳಿ ಸಕ್ಕರೆ ಇಲ್ಲ ಎನ್ನುತ್ತದೆ ಇನ್ನೊಂದು. ಸರಿಯೇ.
ಕಂದು ಸಕ್ಕರೆ ಇದೆ. ಖರ್ಜೂರದ ಪಾಕ, ಬತ್ತಿಸಿದ ದ್ರಾಕ್ಷಿರಸ,
ಜೇನು, ಗ್ಲೂಕೋಸು.
ಒಂದೇ ಮನೆಯ ಐವರು ಐದು ಬಾಗಿಲಿನಿಂದ ಬಂದು
ಪಟ್ಟಿಯಲ್ಲಿ ದೂರ ದೂರ ಕೂತಿದ್ದಾರೆ
ಗುರುತೇ ಇಲ್ಲದವರ ಹಾಗೆ.

ಒಂದು ಪಾಲು ಎಂದರೆ ಒಂದೂವರೆ ಬಿಸ್ಕತ್ತಂತೆ.
"ಉಳಿದರ್ಧ ಯಾರಿಗೆ? ನನ್ನ ಚೆಸ್ವಾಫ್
ಅರ್ಧ ಬಿಸ್ಕತ್ತು ಬಿಟ್ಟು ಎದ್ದದ್ದನ್ನು
ನಲವತ್ನಾಲ್ಕು ವರ್ಷದಲ್ಲಿ ನಾನು ಕಂಡಿಲ್ಲ."
ಆತನ ಬೆರಳ ತುದಿಯ ರಕ್ತ
ದಿನಕ್ಕೆ ನಾಲ್ಕು ಸಲ ಅವರ ಚೌಕುಳಿ ಪುಸ್ತಕದಲ್ಲಿ ಅಂಕಿಯಾಗುತ್ತಿತ್ತು.
ಅಲ್ಲಿ ಪಾಲು ಗೀಲು ಇಲ್ಲ.
ತಿಂದದ್ದೆಲ್ಲ ಬಂದು ಹಾಜರಿ ಹಾಕುತ್ತದೆ.

ಹಾಗಾದರೆ ಇದರಲ್ಲಿ ಸುಳ್ಳು ಯಾವುದು, ಕೇಳಿದೆ.
"ಒಂದೂ ಇಲ್ಲ. ಎಳೆಯೆಲ್ಲ ನಿಜವೇ.
ನೇಯ್ದದ್ದು ನೋಡು."
ಜಾಮಿನ ಮುಚ್ಚಳದ ಮೇಲೆ ನಗುವ ಅಜ್ಜಿಯನ್ನು
ಗಾಜಿನಡಿ ಹಿಡಿದು ಬಹಳ ಹೊತ್ತು ದಿಟ್ಟಿಸಿದರು.
"ಕೈ ನೋಡು ಈಕೆಯದು. ಒಂದು ಸುಟ್ಟ ಕಲೆ ಇಲ್ಲ."

ಅಕ್ಟೋಬರ್ ಪೂರ್ತಿ ಬರಲಿಲ್ಲ.

ಬಂದಾಗ ಏಳನೇ ಸಾಲಿನತ್ತ ತಿರುಗಲಿಲ್ಲ.
ಸಮಾಧಿಗೆ ಹಚ್ಚುವ ಕೆಂಪು ಗಾಜಿನ ದೀಪ ಎತ್ತಿಕೊಂಡು
ತಳದ ಬರಹ ಓದಿದರು, ಅದೇ ಗಾಜಿಟ್ಟು, ಅಷ್ಟೇ ನಿಧಾನಕ್ಕೆ.
"ನಲವತ್ತೆಂಟು ಗಂಟೆ ಉರಿಯುತ್ತದಂತೆ.
ನೋಡೋಣ."

ಹೋಗುವಾಗ ಚೀಲದಿಂದ ಒಂದು ಭರಣಿ ತೆಗೆದು
ನನ್ನ ತಳ್ಳುಗಾಡಿಯಲ್ಲಿಟ್ಟರು.
"ರೂಢಿ ನೋಡು, ಒಂದು ಹೆಚ್ಚಿಗೆ ತುಂಬಿಬಿಟ್ಟೆ."
ಕೆರೆದರೂ ಹೋಗದ ಹಳೇ ಚೀಟಿ, ಅದರಲ್ಲಿ 'ಹಗುರ' ಎಂಬುದರ ಅರ್ಧ.
ಮೇಲೊಂದು ಬಿಳಿ ಬಟ್ಟೆಯ ಪಟ್ಟಿ. ಪೆನ್ಸಿಲಿನಲ್ಲಿ,
ಗಾಜೇ ಬೇಡದಷ್ಟು ದಪ್ಪಕ್ಕೆ:

ಪ್ಲಮ್. ಸೆಪ್ಟೆಂಬರ್. ಸಕ್ಕರೆ ಇದೆ.

ಕೋಣೆಗೆ ಬಂದವನು ಕೋಟು ಬಿಚ್ಚದೆ
ದಿವಾನದ ಮೇಲೆ ಕೂತೆ, ಅವರ ಅರ್ಥದ ದಿವಾನ.
ಚಮಚ ಹುಡುಕಿದೆ.
ಒಂದು ಪಾಲು ಎಷ್ಟು ಎಂದು
ಎಲ್ಲಿಯೂ ಬರೆದಿರಲಿಲ್ಲ.